‘ಸಾಧು’ ಅಂತ ಬರೆದ ನಾಯಿ: ತುಮಕೂರಿನ ಒಂದು ದತ್ತು ಪ್ರಕರಣ

ಇದು ಒಂದು ನಾಯಿಯ ಒಂಬತ್ತು ತಿಂಗಳ ಕಥೆ. ಎರಡು ಮನೆಗಳಿಂದ ವಾಪಸ್ ಬಂದು, ಮೂರನೇ ಮನೆಯಲ್ಲಿ ಮೂರು ತಿಂಗಳು ತಂಗಿ, ನಾಲ್ಕನೇ ಮನೆಯಲ್ಲಿ ನೆಲೆ ನಿಂತ ನಾಯಿ. ತುಮಕೂರಿನ ಹೊರಗಿರುವ ಒಂದು ಚಿಕ್ಕ ಶೆಲ್ಟರ್‌ಗೆ ನಾನು ಭಾನುವಾರ ಹೋಗುವವನು. ದತ್ತು ಫಾರಂ ತುಂಬಿಸುವುದು, ಮನೆ ನೋಡಿ ಬರುವುದು, ಆಮೇಲೆ ಫೋನ್ ಮಾಡಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ಹಾಗಾಗಿ ಇಲ್ಲಿ ಎಡವಿದ ಕಡೆಯಲ್ಲೆಲ್ಲ ನನ್ನ ಸಹಿ ಇದೆ. ಮನೆಯವರ ಗುರುತು ಸಿಗದ ಹಾಗೆ ಬಡಾವಣೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ನಾಯಿಗೆ ಕೆಂಪಿ ಅಂತ ಹೆಸರಿಟ್ಟಿದ್ದೇನೆ. ಬಣ್ಣ ಮಾತ್ರ ನಿಜ.

ಹಿನ್ನೆಲೆ

ಮಾರ್ಚ್ ಮೊದಲ ವಾರ ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಬಿದ್ದಿದ್ದಳು. ಯಾವುದೋ ಗಾಡಿ ಹೊಡೆದು ಹಿಂದಿನ ಎಡಗಾಲು ಮುರಿದಿತ್ತು. ವಯಸ್ಸು ಒಂದೂವರೆ ವರ್ಷ ಇರಬಹುದು. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿತ್ತು. ಅಂದರೆ ಮರಿ ಆಗದ ಆಪರೇಷನ್ ಮೊದಲೇ ಆಗಿತ್ತು.

ಕಾಲು ಕೂಡಿಕೊಂಡ ಮೇಲೆ ಮೊದಲ ಪ್ರಶ್ನೆ ಎದ್ದಿತು. ಇವಳನ್ನು ಎಲ್ಲಿ ಬಿಡುವುದು? 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಆಪರೇಷನ್ ಮತ್ತು ಲಸಿಕೆ ಆದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಗುಣವಾದ ನಾಯಿಗಳ ವಿಷಯದಲ್ಲಿ ನಾವೂ ಹಾಗೇ ಮಾಡುತ್ತೇವೆ. ಬೇರೆ ಬೀದಿಯಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಸುಮ್ಮನೆ ಬಿಡುವುದಿಲ್ಲ, ಊಟ ಹಾಕುವವರೂ ಇರುವುದಿಲ್ಲ. ಆದರೆ ಕೆಂಪಿಯ ಜಾಗ ಅಂದರೆ ಲಾರಿಗಳು ಹಗಲು ರಾತ್ರಿ ಓಡುವ ಹೆದ್ದಾರಿ. ಮೂರೂಕಾಲು ಕಾಲಿನಲ್ಲಿ ಅದನ್ನು ದಾಟು ಅಂತ ಅವಳನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ದತ್ತು ಕೊಡೋಣ ಅಂತ ತೀರ್ಮಾನವಾಯಿತು.

ಹೆಣ್ಣು ನಾಯಿಗೆ ಮನೆ ಸಿಗುವುದು ಕಷ್ಟ. ಫೋನ್ ಮಾಡುವವರ ಮೊದಲ ಪ್ರಶ್ನೆ ‘ಜಾತಿ ನಾಯಿನಾ?’, ಎರಡನೆಯದು ‘ಗಂಡಾ ಹೆಣ್ಣಾ?’. ಮರಿ ಹಾಕುವುದಿಲ್ಲ, ಆಪರೇಷನ್ ಆಗಿದೆ ಅಂದರೂ ನಂಬುವುದಿಲ್ಲ. ಆದರೂ ಕೆಂಪಿಯನ್ನು ನೋಡಲು ಬಂದವರೆಲ್ಲ ಅವಳ ಮುಂದೆ ನಿಂತುಬಿಡುತ್ತಿದ್ದರು. ಕಾರಣ ಒಂದೇ, ಅವಳು ಬೊಗಳುತ್ತಿರಲಿಲ್ಲ. ಮೂವತ್ತು ನಾಯಿಗಳು ಗೇಟಿಗೆ ಹಾರಿ ಕೂಗುವಾಗ ಇವಳು ಮೂಲೆಯಲ್ಲಿ ಮುದುಡಿ ಕೂತಿರುತ್ತಿದ್ದಳು. ಮುಟ್ಟಿದರೂ ಸುಮ್ಮನೆ, ಎತ್ತಿದರೂ ಸುಮ್ಮನೆ. ಅವಳ ಕಾರ್ಡಿನಲ್ಲಿ ‘ಸ್ವಭಾವ’ ಅನ್ನುವ ಜಾಗದಲ್ಲಿ ನಾನು ಒಂದೇ ಪದ ಬರೆದೆ: ಸಾಧು.

ಮೊದಲನೇ ಮನೆ

ಮೇ ಎರಡನೇ ವಾರ ವಿದ್ಯಾನಗರದ ಕಡೆಯ ಒಂದು ಕುಟುಂಬ ಬಂತು. ಗಂಡ, ಹೆಂಡತಿ ಇಬ್ಬರಿಗೂ ಕೆಲಸ, ಇಬ್ಬರು ಮಕ್ಕಳು, ಮೊದಲ ಮಹಡಿಯಲ್ಲಿ ಬಾಡಿಗೆ ಮನೆ. ಓನರ್ ಒಪ್ಪಿಗೆ ಇತ್ತು. ದೊಡ್ಡ ಮಗಳಿಗೆ ಹತ್ತು ವರ್ಷ, ತಿಂಗಳಿಂದ ನಾಯಿ ಬೇಕು ಅಂತ ಹಟ ಹಿಡಿದಿದ್ದಳು. ಮನೆ ನೋಡಿದೆ. ಬಾಲ್ಕನಿಗೆ ಗ್ರಿಲ್ ಇತ್ತು, ಎಲ್ಲ ಸರಿಯಿತ್ತು. ಕೊಟ್ಟೆವು.

ಎರಡು ವಾರ ಬರೀ ಒಳ್ಳೆಯ ಸುದ್ದಿ. ಫೋಟೋ ಬರುತ್ತಿತ್ತು, ಮಕ್ಕಳ ಜೊತೆ ಮಲಗಿರುವ ವಿಡಿಯೋ ಬರುತ್ತಿತ್ತು. ಮೇ ಕೊನೆಗೆ ಶಾಲೆ ಶುರುವಾಯಿತು. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಮನೆ ಖಾಲಿ. ಮೂರೇ ದಿನದಲ್ಲಿ ಸೋಫಾ ಹರಿದಳು, ಬಾಗಿಲ ಚೌಕಟ್ಟು ಕೆರೆದಳು. ಮಧ್ಯಾಹ್ನ ಪೂರ್ತಿ ಊಳಿಟ್ಟಳು. ಕೆಳಗಿನ ಮನೆಯಲ್ಲಿ ಬಾಣಂತಿ ಇದ್ದರು. ಓನರ್ ಫೋನ್ ಬಂತು. ಇಪ್ಪತ್ತಾರನೇ ದಿನ ಅಪ್ಪ ಒಬ್ಬರೇ ಬಂದು ಕೆಂಪಿಯನ್ನು ಬಿಟ್ಟುಹೋದರು. ‘ನೀವು ಸಾಧು ಅಂದಿದ್ರಲ್ಲ ಸಾರ್’ ಅಂತ ಮಾತ್ರ ಅಂದರು.

ನಾನು ಮುಖ ಊದಿಸಿಕೊಂಡು ಸಹಿ ಹಾಕಿಸಿಕೊಂಡೆ. ಒಂದು ಲೋಟ ನೀರನ್ನೂ ಕೊಡಲಿಲ್ಲ. ‘ನಾಯಿ ಅಂದ್ರೆ ಆಟದ ಸಾಮಾನು ಅಂದ್ಕೊಂಡಿದ್ದಾರೆ’ ಅಂತ ಅವರು ಹೋದ ಮೇಲೆ ನಮ್ಮಲ್ಲೇ ಮಾತಾಡಿಕೊಂಡೆವು. ಈ ಪ್ರಕರಣದಲ್ಲಿ ನಾವು ಮಾಡಿದ ಅತಿ ದೊಡ್ಡ ತಪ್ಪು ಅದೇ. ಆವತ್ತು ಅದು ತಪ್ಪು ಅಂತಲೇ ಅನ್ನಿಸಲಿಲ್ಲ.

ನಾಯಿ ಸಾಕುವವರ ಬಾಯಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುವ ಲೆಕ್ಕವೊಂದಿದೆ. ಹೊಸ ಮನೆಯಲ್ಲಿ ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ ಹಿಡಿತಕ್ಕೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಧೈರ್ಯ. ಗಡಿಯಾರದ ಹಾಗೆ ಯಾವ ನಾಯಿಯೂ ನಡೆಯುವುದಿಲ್ಲ, ಆದರೂ ಅಂದಾಜಿಗೆ ಒಳ್ಳೆಯದು. ನಾನು ಅದನ್ನು ಎಲ್ಲರಿಗೂ ಹೇಳುತ್ತೇನೆ, ಅವರಿಗೂ ಹೇಳಿದ್ದೆ. ಆದರೆ ಶಾಲೆ ರಜೆಯಲ್ಲಿ ನಾಯಿ ಕೊಟ್ಟರೆ ಮೂರನೇ ವಾರದಲ್ಲಿ ಆ ಮನೆಯ ದಿನಚರಿಯೇ ತಲೆಕೆಳಗಾಗುತ್ತದೆ ಅಂತ ಹೊಳೆದಿರಲಿಲ್ಲ. ಕೆಂಪಿಗೆ ಗೊತ್ತಿದ್ದದ್ದು ದಿನವಿಡೀ ಜನ ತುಂಬಿದ್ದ ಮನೆ. ಒಂದು ಸೋಮವಾರ ಎಲ್ಲರೂ ಮಾಯ.

ತೋಟದ ಮನೆ

ಆಗಸ್ಟ್‌ನಲ್ಲಿ ದೇವರಾಯನದುರ್ಗದ ಕಡೆಯ ಒಂದು ತೋಟದ ಮನೆಯಿಂದ ಕೇಳಿದರು. ತೆಂಗು, ಅಡಿಕೆ, ಎರಡು ಹಸು. ಮನೆ ಯಜಮಾನರಿಗೆ ಎಪ್ಪತ್ತು ದಾಟಿತ್ತು. ದಿನವಿಡೀ ಮನೆಯಲ್ಲಿ ಜನ ಇರುತ್ತಾರೆ, ಒಂಟಿ ಬಿಡುವ ಸಮಸ್ಯೆ ಇಲ್ಲ ಅಂತ ನಮಗೆ ಖುಷಿ. ಹಿಂದಿನ ತಪ್ಪನ್ನು ತಿದ್ದುವ ಅವಸರದಲ್ಲಿ ಮುಂದಿನದು ಕಾಣಲಿಲ್ಲ. ‘ಯಾಕೆ ನಾಯಿ ಬೇಕು?’ ಅನ್ನುವ ಪ್ರಶ್ನೆಗೆ ಅವರು ಮುಚ್ಚುಮರೆ ಇಲ್ಲದೆ ‘ಕಾವಲಿಗೆ’ ಅಂದಿದ್ದರು. ನನ್ನ ಕೈಯಾರೆ ಬರೆದುಕೊಂಡಿದ್ದೆ. ರಾತ್ರಿ ಒಳಗೆ ಮಲಗಿಸುತ್ತೀರಾ ಅಂದಿದ್ದಕ್ಕೆ ಮಗ ‘ಹೂಂ’ ಅಂದ. ಆ ಹೂಂ ಅನ್ನು ನಂಬಿದೆ.

ಒಂಬತ್ತನೇ ದಿನ ಹೇಳದೆ ಹೋದೆ. ಕೆಂಪಿ ಕಣದ ಪಕ್ಕ ಸರಪಳಿಯಲ್ಲಿದ್ದಳು. ಆ ಭಾಗದಲ್ಲಿ ಚಿರತೆ ಓಡಾಟ ಇರುವುದು ಎಲ್ಲರಿಗೂ ಗೊತ್ತು, ಕಟ್ಟಿಹಾಕಿದ ನಾಯಿ ಚಿರತೆಗೆ ಸಲೀಸಾಗಿ ಸಿಗುವ ತುತ್ತು. ಹೇಳಿದೆ. ‘ನಾಯಿ ಒಳಗೆ ಮಲಗಿದ್ರೆ ಕಾವಲು ನಾನು ಕಾಯ್ಲಾ?’ ಅಂತ ಯಜಮಾನರು ನಕ್ಕರು. ಕೆಟ್ಟ ಮನುಷ್ಯ ಅಲ್ಲ. ಅವಳಿಗೆ ದಿನಾ ಮುದ್ದೆ, ಹಾಲು ಹಾಕುತ್ತಿದ್ದರು. ಅವರ ಲೆಕ್ಕದಲ್ಲಿ ನಾಯಿ ಅಂದರೆ ಹಾಗೆ. ಕೊಟ್ಟಿಗೆಯಲ್ಲಿ ಬಾಗಿಲು ಹಾಕಿ ಮಲಗಿಸಲು ಒಪ್ಪಿಸಿ ಬಂದೆ.

ಎರಡು ದಿನಕ್ಕೆ ಫೋನ್. ಕೊಟ್ಟಿಗೆಗೆ ಕೂಡಲು ಯಜಮಾನರು ಹಿಂದಿನಿಂದ ಎತ್ತಿದ್ದಾರೆ, ಕೆಂಪಿ ತಿರುಗಿ ಕೈಗೆ ಬಾಯಿ ಹಾಕಿದ್ದಾಳೆ. ಚರ್ಮ ತರಚಿದೆ, ರಕ್ತ ಬಂದಿಲ್ಲ.

ಇಲ್ಲಿ ಮಾತ್ರ ನಾವು ತಡ ಮಾಡಲಿಲ್ಲ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅರಿಶಿನ, ಸುಣ್ಣ ಏನೂ ಹಚ್ಚಬೇಡಿ ಅಂತ ಫೋನಿನಲ್ಲೇ ಹೇಳಿ, ಆವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಂಪಿಗೆ ರೇಬಿಸ್ ಲಸಿಕೆ ಆಗಿತ್ತು, ಅದರ ಚೀಟಿಯೂ ಇತ್ತು. ಆದರೂ ಚರ್ಮದೊಳಗೆ ಕೊಡುವ ಲಸಿಕೆಯನ್ನು ಶುರು ಮಾಡಿದರು. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತಿತ್ತು. ಕೆಂಪಿಯನ್ನು ಶೆಲ್ಟರ್‌ಗೆ ತಂದು 10 ದಿನ ಬೇರೆ ಇಟ್ಟು ಗಮನಿಸಿದೆವು. ಅವಳು ಚೆನ್ನಾಗೇ ಇದ್ದಳು. ಯಜಮಾನರು ನಾಲ್ಕು ಡೋಸೂ ಮುಗಿಸಿದರು, ಪುಣ್ಯಕ್ಕೆ ಜಗಳ ಮಾಡಲಿಲ್ಲ.

ಈಗ ಕೆಂಪಿಯ ಕಾರ್ಡಿನಲ್ಲಿ ಎರಡು ವಾಪಸಾತಿ ಮತ್ತು ‘ಕಚ್ಚುತ್ತದೆ’ ಅನ್ನುವ ಪದ. ‘ಸಾಧು’ ಪಕ್ಕದಲ್ಲೇ. ಯಾರು ಓದಿದರೂ ಬೇರೆ ಬೇರೆ ಎರಡು ನಾಯಿಗಳು ಅಂದುಕೊಳ್ಳಬೇಕು. ಇವಳನ್ನು ಶೆಲ್ಟರ್‌ನಲ್ಲೇ ಕೊನೆತನಕ ಇಟ್ಟುಕೊಳ್ಳೋಣ ಅಂತ ಒಂದಿಬ್ಬರು ಅಂದರು. ನಮಗೆ ಬರುವ ಪಶು ವೈದ್ಯೆ ಒಂದು ಮಾತು ಹೇಳಿದರು: ‘ಇವಳು ಸಾಧುವೂ ಅಲ್ಲ, ಕಚ್ಚೋ ನಾಯಿಯೂ ಅಲ್ಲ. ನೀವು ಇನ್ನೂ ಇವಳನ್ನ ನೋಡೇ ಇಲ್ಲ.’ ಬಾಲ ಹೊಟ್ಟೆಗೆ ಸೇರಿಸಿ, ತುಟಿ ನೆಕ್ಕುತ್ತಾ, ಮುಖ ಆಚೆ ತಿರುಗಿಸಿ ಅಲ್ಲಾಡದೆ ಕೂತ ನಾಯಿ ಶಾಂತವಾಗಿರುವುದಿಲ್ಲ, ಹೆದರಿ ಮರಗಟ್ಟಿರುತ್ತದೆ. ಮುಟ್ಟಿಸಿಕೊಳ್ಳುತ್ತದೆ, ಯಾಕೆಂದರೆ ಓಡಲು ಜಾಗ ಇಲ್ಲ. ಎಕ್ಸ್-ರೇ ತೆಗೆಸಿದರು. ಮೂಳೆ ಕೂಡಿತ್ತು, ಆದರೆ ಸ್ವಲ್ಪ ಸೊಟ್ಟ. ಸೊಂಟದ ಹತ್ತಿರ ಒತ್ತಿದರೆ ನೋವು. ಯಜಮಾನರು ಎತ್ತಿದ್ದು ಸರಿಯಾಗಿ ಅಲ್ಲಿಗೇ ಕೈ ಹಾಕಿ.

ಬಟವಾಡಿಯ ಹೊಲಿಗೆ ಮಿಷನ್

ಮೂರನೇ ದತ್ತಿಗೆ ಹುಡುಕುವುದನ್ನು ನಿಲ್ಲಿಸಿ, ಕೆಂಪಿಯನ್ನು ಫಾಸ್ಟರ್ ಮನೆಗೆ ಕಳಿಸಲು ತೀರ್ಮಾನಿಸಿದೆವು. ಫಾಸ್ಟರ್ ಅಂದರೆ ನಾಯಿ ಅವರದ್ದಾಗುವುದಿಲ್ಲ. ಊಟ, ಔಷಧಿ ಖರ್ಚು ನಮ್ಮದು. ಮನೆ, ಸಮಯ ಅವರದ್ದು. ಬೆಂಗಳೂರಿನಲ್ಲಿ ಇಂಥವರು ಸಿಗುತ್ತಾರೆ. ನಮ್ಮೂರಲ್ಲಿ ‘ಆಮೇಲೆ ನಮ್ಮ ತಲೆಗೇ ಕಟ್ತೀರ’ ಅನ್ನುವ ಭಯ ಜಾಸ್ತಿ.

ಒಪ್ಪಿದವರು ಬಟವಾಡಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವ ಒಬ್ಬರು. ನಾವೆಲ್ಲ ಟೈಲರಕ್ಕ ಅನ್ನುತ್ತೇವೆ. ಮನೆ ನೋಡಲು ಹೋದಾಗ ನನಗೆ ಬೇಡ ಅನ್ನಿಸಿಬಿಟ್ಟಿತ್ತು. ನೆಲದ ಮೇಲೆಲ್ಲ ಬಟ್ಟೆ ಚೂರು, ದಾರ, ಗುಂಡುಪಿನ್ನು. ನಾಯಿ ದಾರ ನುಂಗಿದರೆ ಕರುಳಿಗೆ ಸುತ್ತಿಕೊಂಡು ಆಪರೇಷನ್‌ವರೆಗೂ ಹೋಗಬಹುದು. ಅದನ್ನು ಹೇಳಿದಾಗ ಅಕ್ಕ ಡ್ರಾಯರ್‌ನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದು ತೋರಿಸಿದರು. ‘ದಿನಾ ಸಂಜೆ ಇದನ್ನ ನೆಲದ ಮೇಲೆ ಆಡಿಸ್ತೀನಿ ಕಣಪ್ಪ. ಪಿನ್ನಿಗೂ ದುಡ್ಡು ತಾನೇ?’ ದಾರಕ್ಕೆ ಮುಚ್ಚಳ ಇರುವ ಡಬ್ಬ ಇಡುವುದಾಗಿ ಒಪ್ಪಿದರು. ಮೂಗು ಮುರಿದು ವಾಪಸ್ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಕ್ಕನಿಗೆ ಒಂದೇ ಕೆಲಸ ಹೇಳಿದ್ದೆ. ನೋಡಿದ್ದನ್ನು ಬರೆದಿಡಿ. ಅವರು ಅಳತೆ ಪುಸ್ತಕದಲ್ಲೇ ಬರೆದರು. ಯಾರದ್ದೋ ಎದೆ ಸುತ್ತಳತೆ, ತೋಳಿನ ಉದ್ದ, ಅದರ ಕೆಳಗೆ ಕೆಂಪಿ. ‘ಮಂಚದ ಕೆಳಗೇ ಇದೆ. ರಾತ್ರಿ 2ಕ್ಕೆ ಎದ್ದು ಊಟ ಮಾಡ್ತು.’ ‘ಕುಕ್ಕರ್ ವಿಷಲ್ಲಿಗೆ ಓಡಿಹೋಯ್ತು. ಮಿಷನ್ ಶಬ್ದಕ್ಕೆ ಏನೂ ಇಲ್ಲ.’ ‘ಮುಂದೆ ಕೂತು ಕರೆದ್ರೆ ಬರುತ್ತೆ. ಬಗ್ಗಿ ನಿಂತರೆ ಹಿಂದೆ ಹೋಗುತ್ತೆ.’ ‘ಚಳಿ ಇದ್ದ ಬೆಳಗ್ಗೆ ಎಡಗಾಲು ಊರಲ್ಲ.’ ಆರು ತಿಂಗಳು ನಮ್ಮ ಹತ್ತಿರ ಇದ್ದ ನಾಯಿಯ ಬಗ್ಗೆ ಆರು ದಿನದಲ್ಲಿ ನಮಗಿಂತ ಜಾಸ್ತಿ ತಿಳಿದುಕೊಂಡಿದ್ದರು.

ಮೂರನೇ ವಾರ ಒಂದು ಸಾಲು: ‘ಮೊಟ್ಟೆ ಬಿಟ್ಟಿದೆ.’ ಮುದ್ದೆ ಬಿಟ್ಟರೆ ಚಿಂತೆ ಇಲ್ಲ, ಮೊಟ್ಟೆ ಬಿಡುವ ನಾಯಿ ಅಲ್ಲ ಅಂತ ಅಕ್ಕ ಫೋನ್ ಮಾಡಿದರು. ವಸಡು ಬಿಳಿಚಿತ್ತು, ಮೈ ಸುಡುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಎರಡು ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ 70 ಸಾವಿರಕ್ಕೆ ಇಳಿದಿತ್ತು. ಉಣ್ಣೆ ಕಚ್ಚುವುದರಿಂದ ಬರುವ ಎರ್ಲಿಕಿಯಾ ಜ್ವರ. ಉಣ್ಣೆ ನಮ್ಮ ಶೆಲ್ಟರ್‌ನದ್ದೇ ಇರಬೇಕು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಖಾಲಿ ಹೊಟ್ಟೆಗೆ ಕೊಡಬಾರದು. ಅಕ್ಕ ಮೊಸರನ್ನದಲ್ಲಿ ಮುಚ್ಚಿಟ್ಟು ಕೊಡುತ್ತಿದ್ದರು. ಹಾಲು ಮೊಸರಿನ ಜೊತೆ ಮಾತ್ರೆ ಸರಿಯಾಗಿ ಮೈಗೆ ಹಿಡಿಯುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಬೇಯಿಸಿದ ಕೋಳಿ ಈಲಿಗೆ ಬದಲಿಸಿದರು. ಅಕ್ಕ ಮಾಂಸ ಮುಟ್ಟುವವರಲ್ಲ. ಪಕ್ಕದ ಮನೆಯವರು ಬೇಯಿಸಿ ಕೊಡುತ್ತಿದ್ದರು, ಅಕ್ಕ ಚಮಚದಲ್ಲಿ ಹಾಕುತ್ತಿದ್ದರು. ಶೆಲ್ಟರ್‌ನಲ್ಲಿ ಇದೇ ಜ್ವರ ಬಂದಿದ್ದರೆ ಮೂವತ್ತು ತಟ್ಟೆಗಳ ನಡುವೆ ಒಂದು ತಟ್ಟೆ ಉಳಿದದ್ದನ್ನು ಯಾರು ನೋಡುತ್ತಿದ್ದರು?

ಒಂಟಿ ಬಿಡುವ ಅಭ್ಯಾಸವೂ ಅಲ್ಲೇ ಆಯಿತು. ಮೊದಲು ಬಾಗಿಲು ಹಾಕಿ ಒಂದು ನಿಮಿಷ. ಆಮೇಲೆ ಬೀದಿ ಕೊನೆಯ ಅಂಗಡಿಗೆ ಹೋಗಿ ದಾರ ತರುವಷ್ಟು ಹೊತ್ತು. ಹೋಗುವಾಗ ಮುದ್ದಾಟ ಇಲ್ಲ, ಬಂದ ಮೇಲೆ ಸಂಭ್ರಮ ಇಲ್ಲ. ಊಳಿಟ್ಟ ದಿನ ಮತ್ತೆ ಹಿಂದಿನ ಹೊತ್ತಿಗೇ ವಾಪಸ್. ಎರಡು ತಿಂಗಳಿಗೆ ಎರಡೂವರೆ ಗಂಟೆವರೆಗೆ ಬಂತು. ಅದರಾಚೆಗೆ ಹೋಗಲಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆದರು.

ಬ್ಲೌಸ್ ಹೊಲಿಸಲು ಬಂದವರು

ಈ ನಡುವೆ ಮೂರು ಅರ್ಜಿ ಬಂದಿದ್ದವು, ಒಂದೂ ಹೊಂದಲಿಲ್ಲ. ಮನೆ ಸಿಕ್ಕಿದ್ದು ಅರ್ಜಿಯಿಂದ ಅಲ್ಲ.

ಶೆಟ್ಟಿಹಳ್ಳಿ ಕಡೆಯ ಒಬ್ಬ ನಿವೃತ್ತ ಟೀಚರಮ್ಮ, ಮನೆಯಲ್ಲಿ ಮದುವೆ ಅಂತ ಅಕ್ಕನ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದರು. ಅವರಿಗೆ ನಾಯಿ ಅಂದರೆ ಭಯ. ಮೊದಲ ಸಲ ಬಾಗಿಲಲ್ಲೇ ನಿಂತು ‘ಕಟ್ಟಿದ್ದೀಯೇನಮ್ಮ ಅದನ್ನ?’ ಅಂದರಂತೆ. ಕೆಂಪಿ ಮಂಚದ ಕೆಳಗಿಂದ ನೋಡುತ್ತಿದ್ದಳು. ಅಳತೆಗೆ, ತೊಟ್ಟು ನೋಡುವುದಕ್ಕೆ, ತೋಳು ಬಿಗಿ ಅಂತ ಬಿಚ್ಚಿಸುವುದಕ್ಕೆ, ಆರು ವಾರದಲ್ಲಿ ಐದು ಸಲ ಬಂದರು. ಒಮ್ಮೆಯೂ ಕೆಂಪಿಯನ್ನು ಮುಟ್ಟಲಿಲ್ಲ, ಕರೆಯಲಿಲ್ಲ, ಕಣ್ಣಿಟ್ಟು ನೋಡಲೂ ಇಲ್ಲ. ಹೆದರಿದ ನಾಯಿಗೆ ಇದಕ್ಕಿಂತ ಒಳ್ಳೆಯ ಅತಿಥಿ ಬೇಕಾ? ನಾಯಿ ಪ್ರಿಯರು ಬಂದವರೇ ತಬ್ಬಿಕೊಳ್ಳಲು ಹೋಗುತ್ತಾರೆ. ಮೂರನೇ ಸಲ ಕೆಂಪಿ ಎದ್ದು ಬಂದು ಅವರ ಸೀರೆ ನೆರಿಗೆ ಮೂಸಿದಳು. ಐದನೇ ಸಲ ಕಾಲ ಹತ್ತಿರ ಮಲಗಿದಳು. ‘ಇದನ್ನ ಯಾರಾದ್ರೂ ಕೇಳಿದ್ದಾರಾ?’ ಅಂತ ಟೀಚರಮ್ಮ ಅಕ್ಕನನ್ನು ಕೇಳಿದರು.

ನಮ್ಮ ಫಾರಂ ಪ್ರಕಾರ ಆ ಮನೆ ಫೇಲ್. ನಾಯಿ ಸಾಕಿದ ಅನುಭವ ಇಲ್ಲ. ಮಗನಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ನೈಟ್ ಶಿಫ್ಟ್. ಶಿಫ್ಟ್ ಕೆಲಸದವರಿಗೆ ಬೇಡ ಅನ್ನುವುದು ನಾವೇ ಮಾಡಿಕೊಂಡ ನಿಯಮ, ಸಮಯ ಕೊಡುವುದಿಲ್ಲ ಅಂತ. ಆದರೆ ಕೆಂಪಿಯ ಲೆಕ್ಕಕ್ಕೆ ನೋಡಿದರೆ? ಹಗಲು ಮಗ ಮನೆಯಲ್ಲಿ ಮಲಗಿರುತ್ತಾನೆ, ರಾತ್ರಿ ಅಮ್ಮ ಇರುತ್ತಾರೆ. ಎರಡೂವರೆ ಗಂಟೆಗಿಂತ ಹೆಚ್ಚು ಮನೆ ಖಾಲಿ ಇರುವುದೇ ಇಲ್ಲ. ನಿಯಮ ಬದಿಗಿಟ್ಟೆವು. ಅಳತೆ ಪುಸ್ತಕದ ಹಾಳೆಗಳ ಜೆರಾಕ್ಸ್ ತೆಗೆಸಿ ಟೀಚರಮ್ಮನಿಗೆ ಕೊಟ್ಟು, ಓದಿದ ಮೇಲೂ ಬೇಕು ಅಂದರೆ ಹೇಳಿ ಅಂದೆವು. ಕಚ್ಚಿದ ವಿಷಯ, ಕಾಲಿನ ವಿಷಯ, ಸೋಫಾ ಕಥೆ ಎಲ್ಲ ಅದರಲ್ಲಿತ್ತು. ಅವರು ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿ ವಾಪಸ್ ಕೊಟ್ಟು, ‘ಬೇಕು’ ಅಂದರು.

ದೀಪಾವಳಿಗೆ ಹತ್ತು ದಿನ ಇತ್ತು. ಕರೆದುಕೊಂಡು ಹೋಗಲು ಅವರು ತಯಾರು, ನಾವು ತಡೆದೆವು. ಹೊಸ ಮನೆ, ಪಟಾಕಿ ಎರಡೂ ಒಟ್ಟಿಗೆ ಬಂದರೆ ನಾಯಿ ಗೇಟು ಹಾರುತ್ತದೆ. ಹಬ್ಬದ ಮರುದಿನ ‘ನಾಯಿ ಕಾಣೆ’ ಅಂತ ಬರುವ ಫೋನುಗಳಲ್ಲಿ ಹೊಸದಾಗಿ ದತ್ತು ಹೋದವೇ ಜಾಸ್ತಿ ಅನ್ನುವುದು ನನ್ನ ಅನುಭವ. ಹಬ್ಬದ ಮೂರು ದಿನವೂ ಅಕ್ಕ ಸಂಜೆ ಐದಕ್ಕೇ ಕೆಂಪಿಯನ್ನು ಹೊರಗೆ ಸುತ್ತಾಡಿಸಿ ತಂದು, ಕಿಟಕಿ ಮುಚ್ಚಿ, ರಾತ್ರಿ ಹನ್ನೊಂದರವರೆಗೆ ಮಿಷನ್ ಓಡಿಸಿದರು. ಬಾಕಿ ಇದ್ದ ಫಾಲ್ ಕೆಲಸವೆಲ್ಲ ಮುಗಿದುಹೋಯಿತಂತೆ. ನವೆಂಬರ್ ಕೊನೆಗೆ ಕೆಂಪಿ ಶೆಟ್ಟಿಹಳ್ಳಿಗೆ ಹೋದಳು, ಮೊದಲು ಎರಡು ವಾರ ‘ನೋಡೋಣ’ ಅನ್ನುವ ಕರಾರಿನಲ್ಲಿ. ಮಂಚದ ಕೆಳಗೆ ಹಾಸುತ್ತಿದ್ದ ಹಳೇ ಸೀರೆಯನ್ನು ತೊಳೆಯದೆ ಜೊತೆಗೆ ಕಳಿಸಿದೆವು, ವಾಸನೆ ಉಳಿಯಲಿ ಅಂತ.

ಎಲ್ಲ ಸುಸೂತ್ರ ಅಂತೇನಿಲ್ಲ. ಸಿಲಿಂಡರ್ ತರುವವನನ್ನು ಕಂಡರೆ ಈಗಲೂ ಬೊಗಳುತ್ತಾಳೆ. ಮಗ ಮಲಗಿದಾಗ ಬೆಲ್ ಆದರೆ ರಂಪ. ಅದಕ್ಕೆ ಅವರು ಬೆಲ್ಲಿನ ತಂತಿಯನ್ನೇ ಕಿತ್ತು ಹಾಕಿದ್ದಾರೆ. ಟೀಚರಮ್ಮ ಇನ್ನೂ ಬೇರೆ ನಾಯಿಗಳಿಗೆ ಹೆದರುತ್ತಾರೆ.

ಶೆಲ್ಟರ್‌ನಲ್ಲಿ ಏನು ಬದಲಾಯಿತು

‘ಸ್ವಭಾವ’ ಅನ್ನುವ ಜಾಗವನ್ನು ಕಾರ್ಡಿನಿಂದ ತೆಗೆದುಹಾಕಿದ್ದೇವೆ. ಯಾವ ದಿನ, ಎಲ್ಲಿ, ಏನು ನೋಡಿದೆವು ಅಂತಷ್ಟೇ ಬರೆಯುತ್ತೇವೆ. ಏಪ್ರಿಲ್, ಮೇ ರಜೆಯಲ್ಲಿ ಶಾಲೆ ಮಕ್ಕಳಿರುವ ಮನೆಗೆ ನಾಯಿ ಕೊಡುವಾಗ, ಜೂನ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿ ಯಾರಿರುತ್ತೀರಿ ಅಂತ ಕೇಳುತ್ತೇವೆ. ದೀಪಾವಳಿಯ ಆಚೆ ಈಚೆ ಒಂದೊಂದು ವಾರ ಯಾರಿಗೂ ಕೊಡುವುದಿಲ್ಲ. ಫಾಸ್ಟರ್ ಮನೆಗಳು ಈಗ ಮೂರಾಗಿವೆ. ಕಡಿಮೆಯೇ. ಆದರೆ ಹೆದರಿದ ನಾಯಿ, ಗಾಯದ ನಾಯಿ ಮೊದಲು ಅಲ್ಲಿಗೇ ಹೋಗುತ್ತದೆ.

ಇನ್ನೊಂದು ಬದಲಾವಣೆ ಬರಲು ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಕೆಂಪಿಗೆ ಮನೆ ಸಿಕ್ಕ ಸುದ್ದಿ ಹೇಳೋಣ ಅಂತ ವಿದ್ಯಾನಗರದ ಆ ಮೊದಲನೇ ಮನೆಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಜೂನ್‌ನಲ್ಲಿ ತೋರಿಸಿದ ಮುಖಕ್ಕೆ ಕ್ಷಮೆ ಕೇಳಬೇಕಿತ್ತು. ಅಪ್ಪ ಸಮಾಧಾನವಾಗೇ ಮಾತಾಡಿದರು. ಕೆಂಪಿ ಕುಕ್ಕರ್‌ಗೆ ಹೆದರುವುದು, ಬಗ್ಗಿದರೆ ಹಿಂದೆ ಸರಿಯುವುದು ಎಲ್ಲ ಅವರಿಗೆ ಗೊತ್ತಿತ್ತು. ನಾವು ಕೇಳಿರಲಿಲ್ಲ. ಅಂದು ಅವರನ್ನು ಕೂರಿಸಿ ಹತ್ತು ನಿಮಿಷ ಕೇಳಿದ್ದರೆ ತೋಟದ ಮನೆಯ ಯಜಮಾನರು ನಾಲ್ಕು ಇಂಜೆಕ್ಷನ್ ತೆಗೆದುಕೊಳ್ಳಬೇಕಾಗಿರಲಿಲ್ಲವೇನೋ. ಈಗ ನಾಯಿ ವಾಪಸ್ ತಂದವರಿಗೆ ಮೊದಲು ಕುರ್ಚಿ, ಟೀ. ಆಮೇಲೆ ಒಂದು ಖಾಲಿ ಹಾಳೆ.

ಮಗಳು ಫೋನ್ ಕಿತ್ತುಕೊಂಡಳು.

‘ಅಂಕಲ್, ಅದು ಮೆಟ್ಟಿಲು ಹತ್ತುವಾಗ ಎಡಗಾಲು ಎತ್ಕೊಳ್ತಿತ್ತು. ನಾನು ಅಮ್ಮಂಗೆ ಹೇಳಿದ್ದೆ. ಈಗಿನ ಮನೇಲಿ ಮೆಟ್ಟಿಲು ಇದ್ಯಾ?’

‘ಇಲ್ಲ ಪುಟ್ಟ, ಕೆಳಗಿನ ಮನೆ. ಹೊಸ್ತಿಲು ಒಂದೇ.’

‘ಹೊಸ್ತಿಲು ಪರವಾಗಿಲ್ಲ, ಅದನ್ನ ಹಾರುತ್ತೆ’ ಅಂದಳು.